ಹೊರೆಯ ಅರಿವು

ಹೊರೆ ಹೊತ್ತವನಿಗೆ ಎರಡೇ ದಾರಿ ಎಂದು ಲೋಕ ಬಹುಕಾಲದಿಂದ ನಂಬಿದೆ. ಒಂದು, ಹೊರುವ ಬಲವನ್ನು ಹೆಚ್ಚಿಸಿಕೊಳ್ಳುವುದು. ಇನ್ನೊಂದು, ಹೊರೆಯನ್ನು ಇಳಿಸುವುದು. ಮೊದಲನೆಯದಕ್ಕೆ ಸಾಧನೆ ಬೇಕು. ಎರಡನೆಯದಕ್ಕೆ ವೈರಾಗ್ಯ ಬೇಕು. ಎರಡೂ ಸುಲಭಸಾಧ್ಯವಲ್ಲ. ಆದ್ದರಿಂದ ಮನುಷ್ಯನ ಕಲ್ಪನೆ ಮೂರನೆಯ ದಾರಿಯೊಂದನ್ನು ಹುಡುಕುತ್ತಲೇ ಇರುತ್ತದೆ. ಹೊರೆ ಇದ್ದಷ್ಟೇ ಇರಲಿ, ಅದರ ಭಾರ ಮಾತ್ರ ನಮಗೆ ತಿಳಿಯದಿರಲಿ. ಈ ಆಸೆ ಎಲ್ಲರ ಎದೆಯಲ್ಲೂ ಇದೆ. ಒಂದು ಪಾತ್ರವಾಗಿ ಸಾಹಸಕ್ಕಿಳಿಯುವ, ಕಂಪ್ಯೂಟರಿನ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಅದಕ್ಕೆ ಒಂದು ಆಕಾರ ಸಿಕ್ಕಿದೆ. ಅದು ‘ಬ್ಯಾಗ್ ಆಫ್ ಹೋಲ್ಡಿಂಗ್’ ಎಂಬ ಮಾಯಾಚೀಲ. ಹೊರಗೆ ಪುಟ್ಟದು, ಒಳಗೆ ವಿಶಾಲ. ತುಂಬಿದಷ್ಟೂ ತುಂಬುತ್ತದೆ, ತೂಗಬೇಕಾದಷ್ಟು ತೂಗುವುದಿಲ್ಲ.

ಈ ಚೀಲ ಮೊದಲು ಹುಟ್ಟಿದ್ದು ಕಾಗದದ ಮೇಲೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಗೆಳೆಯರು ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ, ಮಾತಿನಲ್ಲೇ ಸಾಹಸಕಥೆ ಕಟ್ಟುವ ಆಟ ಅದು. ಅದರ ಆದಿಯ ಪುಸ್ತಿಕೆಗಳಲ್ಲೇ ಈ ಚೀಲ ಇದೆ. 10,000 ಚಿನ್ನದ ನಾಣ್ಯಗಳನ್ನು ತುಂಬಿದರೂ ಅದು 300 ನಾಣ್ಯಗಳಷ್ಟೇ ತೂಗುತ್ತಿತ್ತು. ಮುಂದೆ ನಿಯಮಗಳು ಪರಿಷ್ಕಾರಗೊಂಡವು. ಚೀಲ ಮಾತ್ರ ಉಳಿಯಿತು. 2014ರ ಆವೃತ್ತಿಯಲ್ಲಿ ಅದರೊಳಗೆ 500 ಪೌಂಡ್ ಇಡಬಹುದು. ಎಷ್ಟಿಟ್ಟರೂ ಅದರ ತೂಕ 15 ಪೌಂಡ್ ಮಾತ್ರ. ಮೇಜಿನಿಂದ ಅದು ಕಂಪ್ಯೂಟರಿಗೆ ದಾಟಿತು. ಹೆಸರು ಬದಲಾಯಿತು, ರೂಪ ಬದಲಾಯಿತು. ಆಟದಿಂದ ಆಟಕ್ಕೆ ಆಸೆ ಬದಲಾಗಲಿಲ್ಲ.

ಆ ಚೀಲಕ್ಕೆ ಸೂಕ್ಷ್ಮವಾದ ಗಣಿತವನ್ನೂ, ಅದಕ್ಕಿಂತ ಸೂಕ್ಷ್ಮವಾದ ಧರ್ಮವನ್ನೂ ಕೊಟ್ಟ ಆಟಗಳಲ್ಲಿ ‘ನೆಟ್‌ಹ್ಯಾಕ್’ ಒಂದು. ಅದು ಮೊದಲು ಹೊರಬಂದದ್ದು 1987ರಲ್ಲಿ. ಸ್ವಯಂಸೇವಕರು ಬೆಳೆಸಿ, ಉಚಿತವಾಗಿ ಹಂಚುತ್ತ ಬಂದಿರುವ ಅದನ್ನು ಜನ ಇಂದಿಗೂ ಆಡುತ್ತಾರೆ. ಮೂಲರೂಪದಲ್ಲಿ ಅದಕ್ಕೆ ಚಿತ್ರಗಳಿಲ್ಲ. ಅಕ್ಷರಗಳು ಮತ್ತು ಚಿಹ್ನೆಗಳು ಮಾತ್ರ. ಇ-ಮೇಲ್ ವಿಳಾಸದ ನಡುವೆ ಬರುವ ಚಿಹ್ನೆಯೇ ಅಲ್ಲಿ ನಾಯಕ. ಅವನು ನೆಲದಡಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯಬೇಕು. ಪಾತಾಳದ ತಳದಲ್ಲಿರುವ ಯೆಂಡೋರ್‌ನ ತಾಯಿತವನ್ನು ಪಡೆಯಬೇಕು. ಮತ್ತೆ ಮೇಲೇರಿ ಬಂದು ಅದನ್ನು ತನ್ನ ದೇವರಿಗೆ ಅರ್ಪಿಸಬೇಕು. ನಡುವೆ ಒಮ್ಮೆ ಸತ್ತರೆ ಆ ಬದುಕು ಅಲ್ಲಿಗೇ ಮುಗಿಯಿತು. ಹಿಂದಿನ ಗಳಿಗೆಗೆ ಮರಳಿ, ತಪ್ಪನ್ನು ತಿದ್ದಿಕೊಳ್ಳುವ ಅವಕಾಶವನ್ನು ಆ ಲೋಕ ಕೊಡುವುದಿಲ್ಲ.

ಅಲ್ಲಿ ಪ್ರತಿ ವಸ್ತುವಿಗೂ ತೂಕವಿದೆ. ಕತ್ತಿಗೆ, ಕವಚಕ್ಕೆ, ಒಂದು ತುತ್ತು ಆಹಾರಕ್ಕೆ, ಒಂದು ಹಾಳೆ ಮಂತ್ರಕ್ಕೆ ಕೂಡ. ನಾಯಕನ ದೇಹಬಲವನ್ನೂ ತಾಳಿಕೆಯನ್ನೂ ಕೂಡಿಸಿ, 25ರಿಂದ ಗುಣಿಸಿ, 50 ಸೇರಿಸಿದರೆ ಅವನ ಧಾರಣಶಕ್ತಿ ದೊರೆಯುತ್ತದೆ. ಎಂಥ ಬಲಶಾಲಿಗೂ ಅದು 1000ವನ್ನು ಮೀರುವುದಿಲ್ಲ. ಮಿತಿ ದಾಟಿದೊಡನೆ ತೆರೆಯ ಕೆಳಗೆ ಒಂದು ಪದ ಮೂಡುತ್ತದೆ: ಹೊರೆ ಹೆಚ್ಚಾಗಿದೆ. ಅದರಾಚೆ ಇನ್ನೂ ನಾಲ್ಕು ಹಂತಗಳಿವೆ. ಒಂದಕ್ಕಿಂತ ಒಂದು ಕಠಿಣ. ಮೊದಲ ಹಂತದಲ್ಲೇ ನಡೆಯ ವೇಗ ಮುಕ್ಕಾಲಿಗೆ ಇಳಿಯುತ್ತದೆ. ಆ ಸ್ಥಿತಿಯಲ್ಲಿ ಮೆಟ್ಟಿಲು ಇಳಿಯಹೊರಟರೆ ನಾಯಕ ಉರುಳಿ ಬೀಳುತ್ತಾನೆ. ಬಂಡೆಗಳ ಸಂದಿಯಲ್ಲಿ ಓರೆಯಾಗಿ ನುಸುಳಬೇಕಾದಲ್ಲಿ, ಮೈಮೇಲಿನ ಭಾರ 600ನ್ನು ದಾಟಿದ್ದರೆ ದಾರಿ ಬಿಡುವುದಿಲ್ಲ.

ಇದನ್ನು ಕೇಳಿದಾಗ ಆಟ ನಿಷ್ಠುರವಾಗಿದೆ ಎನಿಸಬಹುದು. ತುಸು ನಿಂತು ನೋಡಿದರೆ ಅದರ ದಯೆ ಕಾಣುತ್ತದೆ. ಭಾರ ಅಲ್ಲಿ ಮಾತನಾಡುತ್ತದೆ. ನಿಧಾನವಾದ ಹೆಜ್ಜೆ ಒಂದು ಮಾತು. ಬಿಡದ ಸಂದಿ ಇನ್ನೊಂದು ಮಾತು. ಇಷ್ಟನ್ನೆಲ್ಲ ಏಕೆ ಹೊತ್ತಿದ್ದೀಯೆ ಎಂದು ಅದು ಕೇಳುತ್ತದೆ. ಕೇಳಿದ ಮೇಲೆ ನಾವು ಕುಳಿತು ಗಂಟು ಬಿಚ್ಚುತ್ತೇವೆ. ಎರಡು ಕತ್ತಿಗಳಲ್ಲಿ ಒಂದನ್ನು ಕೆಳಗಿಡುತ್ತೇವೆ. ಎಂದೋ ಬೇಕಾದೀತೆಂದು ಎತ್ತಿಕೊಂಡದ್ದು ಈವರೆಗೆ ಬೇಕಾಗಲಿಲ್ಲವೆಂದು ಆಗ ಗೊತ್ತಾಗುತ್ತದೆ. ಆಯ್ಕೆ ನೋವಿನದು, ಆದರೆ ಅದರಿಂದ ಒಂದು ತಿಳಿವು ಹುಟ್ಟುತ್ತದೆ. ನಮ್ಮ ಬಳಿ ಏನಿದೆ, ಅದರಲ್ಲಿ ನಮಗೆ ಬೇಕಾದದ್ದು ಯಾವುದು ಎಂಬ ಎರಡು ಪ್ರಶ್ನೆಗಳಿಗೂ ಒಮ್ಮೆಲೇ ಉತ್ತರ ಸಿಗುತ್ತದೆ.

ಇಂಥ ಲೋಕದಲ್ಲಿ ಮಾಯಾಚೀಲ ಕೈಗೆ ಬರುವುದೆಂದರೆ ಹಬ್ಬ. ಅದರ ಸ್ವಂತ ತೂಕ 15. ಒಳಗಿಟ್ಟದ್ದರ ತೂಕ ಅರ್ಧಕ್ಕೆ ಇಳಿಯುತ್ತದೆ. ಚೀಲಕ್ಕೆ ದೈವಾನುಗ್ರಹವಿದ್ದರೆ ಕಾಲುಭಾಗಕ್ಕೇ ಇಳಿಯುತ್ತದೆ. 400 ತೂಗುತ್ತಿದ್ದ ಸಾಮಗ್ರಿ ಸಾಧಾರಣ ಚೀಲದೊಳಗೆ 200 ಆಗುತ್ತದೆ. ಹೆಜ್ಜೆ ಹಗುರಾಗುತ್ತದೆ, ಸಂದಿ ದಾರಿ ಬಿಡುತ್ತದೆ, ತೆರೆಯ ಕೆಳಗಿನ ಆ ಪದ ಅಳಿಸಿಹೋಗುತ್ತದೆ. ಈ ಚೀಲ ದೊರೆಯುವ ಒಂದು ಸ್ಥಳವೂ ಅರ್ಥಪೂರ್ಣವಾಗಿದೆ. ಸೋಕೊಬಾನ್ ಎಂಬ ಕವಲುದಾರಿಯ ನಾಲ್ಕು ಅಂತಸ್ತುಗಳಲ್ಲಿ ನಾಯಕ ಭಾರೀ ಗುಂಡುಗಳನ್ನು ತಳ್ಳಿ ತಳ್ಳಿ ಗುಂಡಿಗಳನ್ನು ಮುಚ್ಚಬೇಕು. ಗುಂಡನ್ನು ತಳ್ಳಬಹುದು, ಎಳೆಯಲಾಗದು. ಮುಂದಿಟ್ಟ ತಪ್ಪು ಹೆಜ್ಜೆಗೆ ಹಿಂದೆಗೆತವಿಲ್ಲ. ಅಷ್ಟು ಶ್ರಮದ ಕೊನೆಗೆ ಎರಡು ಬಹುಮಾನಗಳಲ್ಲಿ ಒಂದು ಕಾದಿರುತ್ತದೆ. ಆ ಎರಡರಲ್ಲಿ ಈ ಚೀಲವೂ ಸೇರಿದೆ. ಭಾರದೊಡನೆ ಸೆಣಸಿದವನಿಗೆ ಭಾರ ಮರೆಸುವ ಚೀಲ. ಅದನ್ನು ಅವನು ನ್ಯಾಯವಾಗಿಯೇ ಗಳಿಸಿದ್ದಾನೆ.

ಮುಂದೆ ನಡೆಯುವುದು ನಮಗೆಲ್ಲ ಪರಿಚಿತ. ಹಗುರಾದ ನಾಯಕ ಹಗುರಾಗಿ ಉಳಿಯುವುದಿಲ್ಲ. ಅರ್ಧವಾದ ಭಾರ ಅವನಿಗೆ ವಿಶ್ರಾಂತಿಯಾಗಿ ಕಾಣುವುದಿಲ್ಲ, ಅವಕಾಶವಾಗಿ ಕಾಣುತ್ತದೆ. ನಿನ್ನೆ ಬಿಟ್ಟುಬಂದ ಎರಡನೆಯ ಕತ್ತಿಯ ನೆನಪಾಗುತ್ತದೆ. ದಾರಿಬದಿಯ ದ್ರವದ ಬುದ್ದಲಿಗಳು, ಹೆಸರು ತಿಳಿಯದ ಉಂಗುರಗಳು, ಉಪಯೋಗ ತಿಳಿಯದ ದಂಡಗಳು ಒಂದೊಂದಾಗಿ ಒಳಗೆ ಹೋಗುತ್ತವೆ. ಕೆಲವು ಅಂತಸ್ತು ಇಳಿಯುವಷ್ಟರಲ್ಲಿ ಮೈಮೇಲಿನ ತೂಕ ಮೊದಲಿದ್ದಷ್ಟೇ ಆಗಿರುತ್ತದೆ. ಸಂಗ್ರಹ ಇಮ್ಮಡಿಯಾಯಿತು; ನಿರಾಳ ಹೋಯಿತು. ಇದನ್ನು ದುರಾಸೆ ಎಂದು ಕರೆದರೆ ಅವನಿಗೆ ಅನ್ಯಾಯವಾಗುತ್ತದೆ. ಅವನ ಮುಂದಿರುವುದು ಕಾಣದ ಕತ್ತಲೆ. ನಾಳೆ ಯಾವ ಬಾಗಿಲ ಹಿಂದೆ ಯಾವ ಮೃಗವಿದೆಯೋ ಅವನಿಗೆ ಗೊತ್ತಿಲ್ಲ. ಕೂಡಿಡುವುದು ಭಯದ ಮಗುವಾಗಿರುವಂತೆ ಆಸೆಯ ಮಗುವೂ ಹೌದು. ನಾಳೆಯೊಂದು ಇದೆಯೆಂದು ನಂಬದವನು ಏನನ್ನೂ ಕೂಡಿಡುವುದಿಲ್ಲ.

ಹಾಗಾದರೆ ಚೀಲ ಬಂದ ಮೇಲೆ ಬದಲಾದದ್ದು ಏನು? ಬದಲಾದದ್ದು ಅರಿವು. ಆಟದಲ್ಲಿ ಹೊರಗೆ ಹೊತ್ತ ಪ್ರತಿ ವಸ್ತುವಿಗೂ ಒಂದು ಅಕ್ಷರ ಅಂಟಿಕೊಳ್ಳುತ್ತದೆ. ಇಂಗ್ಲಿಷಿನ ಚಿಕ್ಕ ಅಕ್ಷರ 26, ದೊಡ್ಡ ಅಕ್ಷರ 26; ಒಟ್ಟು 52 ಸ್ಥಾನ. ಪಟ್ಟಿ ತೆರೆದಾಗಲೆಲ್ಲ ಪ್ರತಿಯೊಂದೂ ಕಣ್ಣಿಗೆ ಬೀಳುತ್ತದೆ. ಚೀಲದೊಳಗೆ ಹೋದ ಕೂಡಲೇ ಮೂವತ್ತು ವಸ್ತುಗಳೂ ಒಂದೇ ಅಕ್ಷರದ ಹಿಂದೆ ಮರೆಯಾಗುತ್ತವೆ. ಪಟ್ಟಿಯಲ್ಲಿ ಈಗ ಒಂದು ಚೀಲ ಮಾತ್ರ. ಕಣ್ಣಿಗೆ ಕಾಣದು, ಬೆನ್ನಿಗೆ ತಿಳಿಯದು. ಮನಸ್ಸು ಮಾತ್ರ ಎಷ್ಟು ಕಾಲ ನೆನಪಿಟ್ಟೀತು? ಹೊರೆ ತಪ್ಪಲಿಲ್ಲ, ಹೊರೆಯ ಸುದ್ದಿ ತಪ್ಪಿತು. ಎಚ್ಚರಿಸುತ್ತಿದ್ದ ದೂತ ಮೌನಿಯಾದ.

ಆ ಮೌನದ ಬೆಲೆ ಆಪತ್ತಿನ ಗಳಿಗೆಯಲ್ಲಿ ತಿಳಿಯುತ್ತದೆ. ಶತ್ರುಗಳು ಸುತ್ತುವರಿದಿದ್ದಾರೆ, ಪ್ರಾಣ ಕ್ಷೀಣಿಸುತ್ತಿದೆ. ಉಳಿಸಬಲ್ಲ ದ್ರವ ಚೀಲದೊಳಗಿದೆ. ಆದರೆ ಇದೆಯೆಂಬುದೇ ನೆನಪಾಗುವುದಿಲ್ಲ. ನೆನಪಾದರೂ ಚೀಲ ಬಿಚ್ಚಿ ತೆಗೆಯುವುದಕ್ಕೊಂದು ಗಳಿಗೆ ಬೇಕು. ಆ ಗಳಿಗೆ ಉಳಿದಿರುವುದಿಲ್ಲ. ನಾಯಕ ಬೀಳುತ್ತಾನೆ. ಆಗ ಆಟ ಒಂದು ಪ್ರಶ್ನೆ ಕೇಳುತ್ತದೆ: ನಿನ್ನ ಬಳಿ ಇದ್ದದ್ದು ಏನೇನೆಂದು ತಿಳಿಯಬೇಕೇ? ಹೌದೆಂದರೆ ಪಟ್ಟಿ ತೆರೆದುಕೊಳ್ಳುತ್ತದೆ. ಹೆಸರು ತಿಳಿಯದೆ ಹೊತ್ತಿದ್ದ ಪ್ರತಿಯೊಂದಕ್ಕೂ ಈಗ ಹೆಸರಿದೆ. ಚೀಲದೊಳಗಿನದೂ ಒಂದೊಂದಾಗಿ ಬಯಲಾಗುತ್ತದೆ. ಇದೂ ಇತ್ತೇ, ಇದೂ ನನ್ನದಾಗಿತ್ತೇ ಎಂದು ಆಡುವವರು ವಿಸ್ಮಯದಿಂದ ಓದುತ್ತಾರೆ. ನಮ್ಮ ಐಶ್ವರ್ಯದ ಪೂರ್ಣ ಪರಿಚಯ ನಮಗೆ ಆಗುವ ಹೊತ್ತಿಗೆ ಅದು ನಮ್ಮದಾಗಿ ಉಳಿದಿರುವುದಿಲ್ಲ. ಕೆಲವೊಮ್ಮೆ ಆ ಸಾಮಗ್ರಿ ಅದೇ ಅಂತಸ್ತಿನಲ್ಲಿ ಬಿದ್ದಿದ್ದು, ಮುಂದಿನ ಆಟವೊಂದರಲ್ಲಿ ಇನ್ನೊಬ್ಬ ನಾಯಕನಿಗೆ ಸಿಗುವುದೂ ಉಂಟು. ಆದರೆ ಅದರಲ್ಲಿ ಬಹುಪಾಲು ಅಷ್ಟರಲ್ಲಿ ಶಾಪಗ್ರಸ್ತವಾಗಿರುತ್ತದೆ. ಬಳಸದೆ ಬಿಟ್ಟುಹೋದದ್ದು ಮುಂದಿನವರಿಗೂ ನಿರ್ಮಲವಾಗಿ ದಕ್ಕುವುದಿಲ್ಲ ಎಂಬುದು ಆಟದ ನಂಬಿಕೆ.

ಈ ಚೀಲ ಆಟದೊಳಗೆ ಮಾತ್ರ ಇದೆಯೆಂದು ಭಾವಿಸಬೇಕಿಲ್ಲ. 2004ರ ಏಪ್ರಿಲ್ 1ರಂದು ಗೂಗಲ್ ತನ್ನ ಜಿಮೇಲ್ ಸೇವೆಯನ್ನು ಪ್ರಕಟಿಸಿದಾಗ ಒಬ್ಬೊಬ್ಬರಿಗೆ ಒಂದು ಗಿಗಾಬೈಟ್ ಜಾಗ ಕೊಡುವುದಾಗಿ ಹೇಳಿತು. ಅಂದಿನ ಉಚಿತ ಅಂಚೆಸೇವೆಗಳು ಕೊಡುತ್ತಿದ್ದದ್ದು ಕೆಲವೇ ಮೆಗಾಬೈಟ್. ಅಲ್ಲಿಯವರೆಗೆ ನಾವು ಓದಿದ ಪತ್ರವನ್ನು ಅಳಿಸುತ್ತಿದ್ದೆವು. ಅಳಿಸುವ ಮುನ್ನ ಇದು ಬೇಕೇ ಎಂದು ಒಂದು ಕ್ಷಣ ಯೋಚಿಸುತ್ತಿದ್ದೆವು. ಜಾಗ ಹಿಗ್ಗಿತು, ಆ ಒಂದು ಕ್ಷಣ ಹೋಯಿತು. ಚಿತ್ರಗಳ ವಿಷಯದಲ್ಲೂ ಹೀಗೆಯೇ ಆಯಿತು. ರೀಲಿನಲ್ಲಿ 36 ಚಿತ್ರಗಳಿದ್ದಾಗ ಪ್ರತಿ ಚಿತ್ರಕ್ಕೂ ಮೊದಲು ನಾವು ಕಣ್ಣು ತೆರೆದು ನೋಡುತ್ತಿದ್ದೆವು. ಈಗ ನೋಡುವ ಕೆಲಸವನ್ನು ಮುಂದೂಡಿ ಕೂಡಿಡುತ್ತೇವೆ. ಜಾಗ ಹೆಚ್ಚಿದ್ದು ತಪ್ಪಲ್ಲ. ಅದು ಎಷ್ಟೋ ನೆನಪುಗಳನ್ನು ಕಾಪಾಡಿದೆ. ಆದರೆ ಮಿತಿಯೊಂದಿಗೆ ಒಬ್ಬ ಸೌಮ್ಯ ಗುರುವೂ ನಮ್ಮನ್ನು ಬಿಟ್ಟುಹೋದ. ಅವನು ಹೋದದ್ದನ್ನು ನಾವು ಗಮನಿಸಲಿಲ್ಲ.

ಮತ್ತೆ ಚೀಲಕ್ಕೆ ಬರೋಣ. ಅದಕ್ಕೆ ಇನ್ನೊಂದು ಮುಖವಿದೆ. ಅನುಗ್ರಹವಿದ್ದಾಗ ಭಾರವನ್ನು ಕಾಲುಭಾಗಕ್ಕೆ ಇಳಿಸುವ ಅದೇ ಚೀಲ, ಶಾಪ ತಗುಲಿದಾಗ ಭಾರವನ್ನು ಇಮ್ಮಡಿ ಮಾಡುತ್ತದೆ. ಆಗ ತೆರೆದಾಗಲೆಲ್ಲ ಒಳಗಿನ ಒಂದೊಂದು ವಸ್ತುವೂ ಹದಿಮೂರರಲ್ಲಿ ಒಂದು ಪಾಲಿನ ಸಂಭವದಿಂದ ಮಾಯವಾಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಸಾಧಾರಣ ಗೋಣಿಯೂ, ಮಾಯಾಚೀಲವೂ, ತೆರೆದೊಡನೆ ಹಲ್ಲು ಮೂಡಿ ಕೈ ಕಚ್ಚುವ ಮೋಸದ ಚೀಲವೂ ಗುರುತು ಸಿಗುವ ತನಕ ಪಟ್ಟಿಯಲ್ಲಿ ಬರಿಯ ಚೀಲಗಳೇ. ಸಾಧನವೊಂದು ಹಗುರ ಮಾಡುವುದೋ ಭಾರ ಮಾಡುವುದೋ ಅದರ ರೂಪದಲ್ಲಿ ಬರೆದಿರುವುದಿಲ್ಲ. ನಮ್ಮ ಸೌಕರ್ಯಗಳೂ ಹೀಗೆಯೇ ಇವೆ. ಒಂದು ಮನೆಯಲ್ಲಿ ಹೊರೆ ಕಳೆದದ್ದೇ ಇನ್ನೊಂದು ಮನೆಯಲ್ಲಿ ಹೊರೆಯಾಗಿ ಕುಳಿತಿರುತ್ತದೆ. ಪರೀಕ್ಷಿಸಿ ನೋಡುವ ತಾಳ್ಮೆಯೊಂದೇ ಅಲ್ಲಿ ದೀಪ.

ಚೀಲದ ಧರ್ಮದಲ್ಲಿ ಒಂದು ಕಟ್ಟುನಿಟ್ಟಾದ ನಿಷೇಧವಿದೆ. ಮಾಯಾಚೀಲದೊಳಗೆ ಇನ್ನೊಂದು ಮಾಯಾಚೀಲವನ್ನು ಇಡಕೂಡದು. ಅರ್ಧದ ಅರ್ಧ ಮಾಡುವ ಜಾಣತನ ಎಂಥವರಿಗೂ ಹೊಳೆಯುತ್ತದೆ. ಇಟ್ಟ ಕ್ಷಣವೇ ಚೀಲ ಸಿಡಿಯುತ್ತದೆ. ಬಹುಕಾಲ ಉಳಿದುಬಂದ ನಿಯಮದಂತೆ, ಒಳಗಿದ್ದದ್ದೆಲ್ಲ ಅದರೊಂದಿಗೆ ನಾಶವಾಗುತ್ತದೆ. ವಸ್ತುಗಳ ಗುಣವನ್ನು ಅಳಿಸಿಹಾಕುವ ಒಂದು ಮಂತ್ರದಂಡವನ್ನು ಒಳಗಿಟ್ಟರೂ ಅದೇ ಗತಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲೂ ಇಂಥದೇ ಮಿತಿಯಿದೆ. ಅಲ್ಲಿ ಇಂಥ ಒಂದು ಮಾಯಾಧಾರಕವನ್ನು ಇನ್ನೊಂದರೊಳಗೆ ಇಟ್ಟರೆ ಎರಡೂ ನಾಶವಾಗಿ, ಬೇರೊಂದು ಲೋಕದ ಬಾಗಿಲು ತೆರೆದು ಸುತ್ತಲಿನವರನ್ನು ಸೆಳೆದುಕೊಳ್ಳುತ್ತದೆ. ಭಾರವನ್ನು ಒಮ್ಮೆ ಮರೆಯಲು ಲೋಕ ಅನುಮತಿ ಕೊಡುತ್ತದೆ. ಮರೆವಿನೊಳಗೆ ಇನ್ನೊಂದು ಮರೆವನ್ನು ಇಡಲು ಕೊಡುವುದಿಲ್ಲ. ಸಾಲ ತೀರಿಸಲು ತಂದ ಸಾಲ, ದಣಿವು ಮರೆಯಲು ಹಿಡಿದ ಇನ್ನಷ್ಟು ದಣಿವು ನಮಗೆ ಅಪರಿಚಿತವಲ್ಲ. ಹಗುರಾಗಬೇಕೆಂಬ ಬಯಕೆಗೆ ಒಂದು ಹದವಿದೆ. ಹದ ಮೀರಿದಲ್ಲಿ ಬಯಕೆಯೇ ಬೆಂಕಿಯಾಗುತ್ತದೆ.

ಇಷ್ಟಾದ ಮೇಲೂ ಚೀಲದ ಬಗ್ಗೆ ಹೇಳಬೇಕಾದ ಮುಖ್ಯವಾದ ಮಾತು ಉಳಿದಿದೆ. ಯಾವುದು ಅದರೊಳಗೆ ಹೋಗುವುದೇ ಇಲ್ಲ ಎಂಬ ಮಾತು ಅದು. ಅಂಥವುಗಳಲ್ಲಿ ಮೊದಲನೆಯದು ಒಂದು ಬೂದು ಕಲ್ಲು. ಆಟದಲ್ಲಿ ಹಲವು ಬೂದು ಕಲ್ಲುಗಳಿವೆ. ನೋಟಕ್ಕೆ ಎಲ್ಲವೂ ಒಂದೇ. ಅದೃಷ್ಟ ತರುವ ಕಲ್ಲಿನ ತೂಕ 10. ಲೋಡ್‌ಸ್ಟೋನ್ ಎಂಬ ಕಲ್ಲಿನ ತೂಕ 500. ಅದೃಷ್ಟವೆಂದು ಎತ್ತಿಕೊಂಡದ್ದು ಅದಾಗಿದ್ದು, ಅದಕ್ಕೆ ಶಾಪವೂ ಇದ್ದರೆ, ಮತ್ತೆ ಕೆಳಗಿಡಲಾಗದು. ಚೀಲದೊಳಗೆ ಹಾಕೋಣವೆಂದರೆ ಅದು ಮೈ ಬಿಟ್ಟು ಹೋಗದು. ಶಾಪ ತೊಲಗಿದ ಮೇಲಷ್ಟೇ ಬಿಡುಗಡೆ. ಅದಕ್ಕೇ ಅನುಭವಿಗಳು ಬೂದು ಕಲ್ಲನ್ನು ಎತ್ತುವ ಮುನ್ನ ಕಾಲಿನಿಂದ ಒದ್ದು ನೋಡುತ್ತಾರೆ. ಸರಿದರೆ ಎತ್ತಿಕೊಳ್ಳುತ್ತಾರೆ, ಜಗ್ಗದಿದ್ದರೆ ನಮಸ್ಕರಿಸಿ ಮುಂದೆ ಹೋಗುತ್ತಾರೆ. ಹಗೆ, ಪಶ್ಚಾತ್ತಾಪ, ಅಸೂಯೆಗಳನ್ನು ನಾವು ಹೀಗೆಯೇ ಎತ್ತಿಕೊಂಡಿರುತ್ತೇವೆ. ಎತ್ತಿಕೊಳ್ಳುವಾಗ ಅವು ಸಣ್ಣ ಕಲ್ಲುಗಳೇ. ಅವುಗಳನ್ನು ಹಗುರ ಮಾಡುವ ಚೀಲವನ್ನು ಯಾರೂ ಹೊಲಿದಿಲ್ಲ. ಕೆಲಸದಲ್ಲಿ ಮುಚ್ಚಿಟ್ಟರೂ, ವಿನೋದದಲ್ಲಿ ಅಡಗಿಸಿಟ್ಟರೂ ಅವು ಮೈಗಂಟಿಯೇ ಇರುತ್ತವೆ. ಅವುಗಳಿಗೆ ಬೇಕಾದದ್ದು ಶಾಪವಿಮೋಚನೆ. ಕ್ಷಮೆ ಎಂದು ನಾವು ಕರೆಯುವುದು ಅದನ್ನೇ ಇರಬೇಕು.

ಎರಡನೆಯದು, ಯಾವುದಕ್ಕಾಗಿ ಈ ಪಯಣವೋ ಆ ತಾಯಿತ. ಅದರ ತೂಕ ಬರಿಯ 20. ಅಷ್ಟು ಹಗುರವಾದದ್ದನ್ನೂ ಚೀಲ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇಂಥ ಸಂಕೋಲೆಯೊಳಗೆ ಅದನ್ನು ಬಂಧಿಸಲಾಗದು ಎಂಬರ್ಥದ ಮಾತು ತೆರೆಯ ಮೇಲೆ ಬರುತ್ತದೆ. ಅದರ ದಾರಿ ತೆರೆಯಲು ಬೇಕಾದ ಗಂಟೆ, ದೀಪಸ್ತಂಭ ಮತ್ತು ಗ್ರಂಥಕ್ಕೂ ಇದೇ ನಿಯಮ. ಸಾವಿರ ವಸ್ತುಗಳ ನಡುವೆ ಪರಮವಾದ ನಾಲ್ಕನ್ನು ಮಾತ್ರ ನಾಯಕ ಚೀಲದ ಹೊರಗೆ, ಮೈಮೇಲೆ, ಪೂರ್ಣ ತೂಕದೊಂದಿಗೆ ಹೊರಬೇಕು. ತಾಯಿತ ಹೊತ್ತವನ ಹಿಂದಾರಿ ಸುಗಮವೂ ಅಲ್ಲ. ಮೇಲೇರುವಾಗ ಒಂದು ಅಗೋಚರ ಶಕ್ತಿ ಅವನನ್ನು ಆಗಾಗ ಕೆಳಗೆ ತಳ್ಳುತ್ತದೆ. ಅವನು ಮತ್ತೆ ಏರುತ್ತಾನೆ.

ಆಟ ಕಟ್ಟಿದವರು ಇದನ್ನು ಯಾವ ಉದ್ದೇಶದಿಂದ ಮಾಡಿದರೋ, ಚಿಂತನೆಗೆ ಇದೊಂದು ಬಾಗಿಲು. ಬದುಕಿನಲ್ಲಿ ಹಗುರ ಮಾಡಿಕೊಳ್ಳಬಹುದಾದದ್ದು ಬಹಳವಿದೆ. ಅದನ್ನು ಹಗುರ ಮಾಡಿಕೊಳ್ಳುವುದರಲ್ಲಿ ಯಾವ ದೋಷವೂ ಇಲ್ಲ. ನೀರು ಹೊರುವ ಶ್ರಮ ತಪ್ಪಿದ್ದು ಒಳ್ಳೆಯದು. ಲೆಕ್ಕದ ಬೇಸರ ತಪ್ಪಿದ್ದು ಒಳ್ಳೆಯದು. ಆದರೆ ನಮ್ಮ ಬಾಳಿಗೆ ಅರ್ಥ ಕೊಡುವ ಒಂದೆರಡು ಸಂಗತಿಗಳು ಯಾವ ಸೌಕರ್ಯದೊಳಗೂ ಹಿಡಿಯುವುದಿಲ್ಲ. ಹಾಸಿಗೆ ಹಿಡಿದ ಹಿರಿಯರ ಶುಶ್ರೂಷೆ, ಕೊಟ್ಟ ಮಾತು, ಬೆಳೆಯುತ್ತಿರುವ ಮಗುವಿನ ಪ್ರಶ್ನೆ, ಅಗಲಿದವರ ನೆನಪು, ಕೈಹಿಡಿದ ವಿದ್ಯೆ. ಇವುಗಳ ಭಾರವನ್ನು ಅರ್ಧ ಮಾಡಹೊರಟರೆ ಇವೂ ಅರ್ಧವಾಗುತ್ತವೆ. ಪ್ರೀತಿಯ ತೂಕ ಪ್ರೀತಿಯಿಂದ ಬೇರೆಯಲ್ಲ. ಅದನ್ನು ತಿಳಿಯದಂತೆ ಹೊರುವ ಉಪಾಯ ದೊರೆತ ದಿನ, ನಾವು ಹೊತ್ತಿರುವುದು ಪ್ರೀತಿಯಾಗಿರುವುದಿಲ್ಲ.

ಆ ತಾಯಿತದ ಕೊನೆಯ ಗತಿಯೂ ಗಮನಾರ್ಹ. ನಾಯಕ ಅದನ್ನು ತನ್ನ ಸಂಗ್ರಹದಲ್ಲಿ ಇಟ್ಟುಕೊಳ್ಳುವುದಿಲ್ಲ. ದೇವತೆಗಳ ಲೋಕದಲ್ಲಿ ಮೂರು ವೇದಿಕೆಗಳಿವೆ. ತನ್ನ ದೇವರ ವೇದಿಕೆಯನ್ನು ಹುಡುಕಿ, ಅಲ್ಲಿ ಅದನ್ನು ಅರ್ಪಿಸಬೇಕು. ಅರ್ಪಿಸಿದಾಗಲೇ ಗೆಲುವು, ಅರ್ಪಿಸಿದಾಗಲೇ ಅವನಿಗೆ ಅಮರತ್ವ. ಇಡೀ ಆಟ ಎತ್ತಿಕೊಳ್ಳುವುದರಲ್ಲಿ ಕಳೆಯುತ್ತದೆ; ಗೆಲುವು ಮಾತ್ರ ಕೊಡುವುದರಲ್ಲಿದೆ. ಕೊಡಬೇಕಾದದ್ದು ಯಾವುದೆಂದು ತಿಳಿಯದವನು ಎಷ್ಟು ಕೂಡಿಟ್ಟರೂ ವೇದಿಕೆಯ ಮುಂದೆ ಬರಿಗೈ. ತಿಳಿದವನಿಗೆ ಉಳಿದದ್ದೆಲ್ಲ ದಾರಿಯ ಬುತ್ತಿ ಮಾತ್ರ.

ಈ ತಿಳಿವಿಗೆ ನಮ್ಮಲ್ಲೇ ಒಂದು ನಿದರ್ಶನವಿದೆ. ಕಲ್ಯಾಣದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಯ ಕಥೆ ನಮಗೆ ಗೊತ್ತು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳು. ಆ ಕಥೆಯಲ್ಲಿ ತ್ಯಾಗವನ್ನು ನಾವು ಮೆಚ್ಚುತ್ತೇವೆ; ಮೆಚ್ಚಬೇಕಾದದ್ದೇ. ಆದರೆ ತ್ಯಾಗಕ್ಕೂ ಮೊದಲು ಅಲ್ಲಿ ಒಂದು ಅಳತೆಯಿದೆ. ಎಂದಿನಷ್ಟು ಎಂದರೆ ಎಷ್ಟು ಎಂಬುದು ಆಕೆಗೆ ಗೊತ್ತಿತ್ತು. ಆದ್ದರಿಂದ ಹೆಚ್ಚಿನದು ಕಂಡ ಕೂಡಲೇ ಹೆಚ್ಚಿನದೆಂದು ತಿಳಿಯಿತು. ನಮ್ಮಲ್ಲಿ ಬಹುಮಂದಿಗೆ ಬಿಡುವ ಮನಸ್ಸಿಲ್ಲವೆಂದು ಅಲ್ಲ; ಎಲ್ಲಿಂದ ಹೆಚ್ಚು ಆರಂಭವಾಯಿತೆಂಬುದು ತಿಳಿಯದು. ಅಪರಿಗ್ರಹದ ಮೊದಲ ಪಾಠ ಬಿಡುವುದಲ್ಲ, ತೂಗುವುದು. ತೂಗಿದವನಿಗೆ ಬಿಡುವುದು ತಾನಾಗಿಯೇ ಹೊಳೆಯುತ್ತದೆ. ಬಿಡದಿರಬೇಕಾದದ್ದೂ ಹೊಳೆಯುತ್ತದೆ.

ಚೀಲವನ್ನು ಎಸೆಯಬೇಕೆಂದು ಇದರ ಅರ್ಥವಲ್ಲ. ಪಯಣ ದೀರ್ಘವಾಗಿದೆ, ದಾರಿ ಕತ್ತಲೆಯಾಗಿದೆ. ನೆರವಾಗುವ ಸಾಧನ ನೆರವಾಗಲಿ. ನುರಿತ ಆಟಗಾರರು ಚೀಲವನ್ನು ಬಳಸುತ್ತಾರೆ, ಆಗಾಗ ತೆರೆದು ನೋಡುತ್ತಾರೆ, ಕೈಗೆ ತಕ್ಷಣ ಬೇಕಾದ ಒಂದೆರಡನ್ನು ಹೊರಗೇ ಇಟ್ಟುಕೊಳ್ಳುತ್ತಾರೆ. ನಾವೂ ಅಷ್ಟು ಮಾಡಬಹುದು. ವರ್ಷಗಳಿಂದ ಮುಟ್ಟದ ಕಪಾಟು, ಓದದ ಪತ್ರಗಳ ರಾಶಿ, ಒಪ್ಪಿಕೊಂಡು ಮರೆತ ಹೊಣೆಗಳು, ಹೇಳದೆ ಉಳಿಸಿಕೊಂಡ ಒಳ್ಳೆಯ ಮಾತುಗಳು. ಇವುಗಳಲ್ಲಿ ಯಾವುದಾದರೂ ಒಂದನ್ನು ಈ ದಿನ ತೆರೆದು ನೋಡೋಣ. ಬೇಡವಾದದ್ದಿದ್ದರೆ ಕೆಳಗಿಡೋಣ. ಬೇರೊಬ್ಬರಿಗೆ ಸಲ್ಲಬೇಕಾದದ್ದಿದ್ದರೆ ಸಲ್ಲಿಸೋಣ. ಹೊರಲೇಬೇಕಾದದ್ದು ಕೈಗೆ ಸಿಕ್ಕರೆ ಅದರ ಪೂರ್ಣ ತೂಕದೊಂದಿಗೆ, ಸಂತೋಷದಿಂದ ಹೊರೋಣ. ಭಾರವಿಲ್ಲದ ಬಾಳನ್ನು ಯಾರೂ ಪಡೆದಿಲ್ಲ. ಹೊತ್ತದ್ದೇನೆಂದು ಬಲ್ಲ ಬಾಳನ್ನು ಯಾರು ಬೇಕಾದರೂ ಪಡೆಯಬಹುದು.